ಜಾಂಬಿಯಾ ಮೇಲೋ, ಬೋಟ್ಸ್ವಾನಾ ಮೇಲೋ?

ಕಳೆದ ಭಾನುವಾರ ನಮ್ಮ ಮನೆಯ ಸೋಫಾ ಮೇಲೆ ಕೂತು ಇಬ್ಬರು ಕನ್ನಡಿಗರು ಆಫ್ರಿಕಾಕ್ಕಾಗಿ ಜಗಳವಾಡಿದರು. ಒಬ್ಬರು ಜಾಂಬಿಯಾ ಪಕ್ಷ, ಇನ್ನೊಬ್ಬರು ಬೋಟ್ಸ್ವಾನಾ ಪಕ್ಷ. ಇಬ್ಬರನ್ನೂ ಕರೆಸಿದವಳು ನಾನೇ. ಚಕ್ಕುಲಿ, ಕಾಫಿ ಕೊಟ್ಟು ಕೂರಿಸಿದವಳೂ ನಾನೇ.

ಆಗಿದ್ದು ಇಷ್ಟು. ಏಳನೇ ಕ್ಲಾಸಿನ ನನ್ನ ಮಗಳು ಕಾವ್ಯಾಗೆ ಸ್ಕೂಲಿನಲ್ಲಿ ಒಂದು ಪ್ರಾಜೆಕ್ಟ್ ಕೊಟ್ಟಿದ್ದರು. ಆಫ್ರಿಕಾದ ಎರಡು ದೇಶಗಳನ್ನು ಆರಿಸಿಕೊಂಡು, ಎಲ್ಲಿ ಬದುಕು ಹೆಚ್ಚು ಚೆನ್ನಾಗಿದೆ ಅಂತ ಹೋಲಿಸಿ ಬರೆಯಬೇಕು. ಅವಳ ಪಾರ್ಟ್ನರ್ ಚಾಂಡಾ. ಇಲ್ಲೇ ಅಮೆರಿಕದ ಗೇದರ್ಸ್‌ಬರ್ಗ್‌ನಲ್ಲಿ ನಮ್ಮ ಹಿಂದಿನ ಬೀದಿಯ ಹುಡುಗಿ. ಕೈಗೂಸಾಗಿದ್ದಾಗ ಜಾಂಬಿಯಾದಿಂದ ಬಂದವಳು.

"ಅಲ್ಲಿ ಇದ್ದೋರನ್ನ ಇಂಟರ್‌ವ್ಯೂ ಮಾಡ್ಬೇಕು, ಅಮ್ಮ. ಹೂ ಡು ವಿ ಆಸ್ಕ್?" ಅಂದಳು ಕಾವ್ಯಾ.

ನನಗೆ ಖುಷಿಯೋ ಖುಷಿ. ನಮ್ಮ ಕನ್ನಡದವರಲ್ಲಿ ಯಾರಿಲ್ಲ ಹೇಳಿ? ಫೇರ್‌ಫ್ಯಾಕ್ಸ್‌ನ ನಾಗರಾಜ್ ಅಂಕಲ್ ಮೈಸೂರಿನವರು, ಅಮೆರಿಕಕ್ಕೆ ಬರುವ ಮುಂಚೆ ಜಾಂಬಿಯಾದ ಲುಸಾಕಾದಲ್ಲಿ ಮ್ಯಾಥ್ಸ್ ಮೇಷ್ಟ್ರು. ಶ್ಯಾಂಟಿಲಿಯ ಡಾಕ್ಟರ್ ಪಾಟೀಲರು ಧಾರವಾಡದವರು, ಬೋಟ್ಸ್ವಾನಾದ ಆಸ್ಪತ್ರೆಯಲ್ಲಿ ಬಹಳ ವರ್ಷ ಇದ್ದವರು. ಫೋನ್ ಮಾಡಿದೆ. ಇಬ್ಬರೂ ಬೆಲ್ಟ್‌ವೇ ರಿಂಗ್ ರೋಡಿನ ಟ್ರಾಫಿಕ್ಕನ್ನು ಬೈದುಕೊಂಡೇ ಬಂದರು.

ಚಾಂಡಾಳನ್ನು ಬಿಡಲು ಅವಳ ತಾಯಿ ಗ್ರೇಸ್ ಬಂದಿದ್ದರು. ಇಲ್ಲೊಂದು ಬಯೋಟೆಕ್ ಲ್ಯಾಬಿನಲ್ಲಿ ಕೆಲಸ ಮಾಡುವಾಕೆ. ಬಾಗಿಲಲ್ಲಿ ನಿಂತು ಹಾಯ್ ಅಂದರು. ನಾನೂ ಹಾಯ್ ಅಂದೆ. ಎಷ್ಟು ಹೊತ್ತಿಗೆ ಪಿಕಪ್ ಮಾಡ್ತೀರಿ ಅಂತ ಕೇಳಿ ಬಾಗಿಲು ಹಾಕಿಕೊಂಡೆ. (ಜಾಂಬಿಯಾ ಬಗ್ಗೆ ತಿಳಿಯಲು ಪೊಟೊಮ್ಯಾಕ್ ಹೊಳೆಯ ಆಚೆಯಿಂದ ಮೈಸೂರಿನವರನ್ನು ಕರೆಸಿದ್ದೆ. ಜಾಂಬಿಯಾದವರು ಎದುರಿಗೇ ನಿಂತಿದ್ದರು. ಹೊಳೆಯಲೇ ಇಲ್ಲ ನೋಡಿ.)

ಹುಡುಗಿಯರು ಪೆನ್ಸಿಲ್ ಹಿಡಿದು ಕೂತರು.

"ಲುಸಾಕಾ ವಾಸ್ ಹೆವನ್!" ನಾಗರಾಜ್ ಅಂಕಲ್ ಶುರುಮಾಡಿದರು. ದೊಡ್ಡ ಬಂಗಲೆ, ಮಾವಿನ ಮರ, ಅಡುಗೆಗೊಬ್ಬ, ತೋಟಕ್ಕೊಬ್ಬ, ಗೇಟಿಗೊಬ್ಬ. "ನಿಮ್ಮ ಆಂಟಿ ಒಂದು ಲೋಟ ಎತ್ತಿಡ್ತಾ ಇರ್ಲಿಲ್ಲ, ಗೊತ್ತಾ?"

"ಏ, ಬಿಡ್ರಿ ಮೇಷ್ಟ್ರ," ಪಾಟೀಲರು ತಡೆದರು. "ಸಕ್ಕರಿಗೆ ಕ್ಯೂ ನಿಂತಿದ್ದು ಮರ್ತ್ರೇನು? ನಮ್ಮ ಬೋಟ್ಸ್ವಾನಾದಾಗ ರಸ್ತೆ ಅಂದ್ರ ರಸ್ತೆ, ಅಂಗಡಿ ಅಂದ್ರ ಅಂಗಡಿ. ಆಳು ಅಲ್ಲೂ ಸಿಗ್ತಿದ್ರು."

ಬಂಗಲೆಗೆ ಬಂಗಲೆ, ಆಳಿಗೆ ಆಳು, ಪಂದ್ಯ ನಡೆಯಿತು. ಹುಡುಗಿಯರು ಬರೆದುಕೊಳ್ಳುತ್ತಲೇ ಇದ್ದರು. ಆಗ ನಾಗರಾಜ್ ಅಂಕಲ್ ಇಂಗ್ಲಿಷ್ ಬಿಟ್ಟು ಕನ್ನಡಕ್ಕೆ ಇಳಿದರು.

"ಈ ಮಗು ಮುಂದೆ ಇಂಗ್ಲಿಷಲ್ಲಿ ಹೇಳೋ ಹಾಗಿಲ್ಲ. ಆದ್ರೆ ಆ ಜನ ಇದಾರಲ್ಲ, ಮಹಾ ಸೋಮಾರಿಗಳು. ತಲೆ ಮೇಲೆ ನಿಂತ್ರೇನೇ ಕೆಲಸ."

ಪಾಟೀಲರು ನಕ್ಕರು. ನಾನು? ನಾನೂ ನಕ್ಕೆ. ಜೋರಾಗೇನಲ್ಲ. ಮನೆಗೆ ಬಂದವರಿಗೆ ಬೇಜಾರಾಗದಿರಲಿ ಅಂತ ಒಂದು ನಗು ಇರುತ್ತಲ್ಲ, ಅದು.

ಚಾಂಡಾ ತಲೆಯೆತ್ತಿ ಕಾವ್ಯಾಳನ್ನು ಕೇಳಿದಳು, "ವಾಟ್ ಡಿಡ್ ಹಿ ಸೇ?"

ಕಾವ್ಯಾ ನನ್ನ ಮುಖ ನೋಡಿದಳು. ಅವಳಿಗಿಂತ ಮುಂಚೆ ನಾನೇ ಬಾಯಿ ಹಾಕಿದೆ. "ಅಲ್ಲಿನ ಜನ ತುಂಬಾ ಫ್ರೆಂಡ್ಲಿ ಅಂದ್ರು" ಅಂತ ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ. ಚಾಂಡಾಗೆ ಖುಷಿಯಾಯಿತು. ಅದನ್ನೂ ಬರೆದುಕೊಂಡಳು.

"ಅಮ್ಮ, ಅಂಕಲ್ ಹಾಗೆ ಹೇಳಿಲ್ಲ," ಅಂದಳು ಕಾವ್ಯಾ. ಮೆಲ್ಲಗೆ, ತನ್ನ ಅಮೆರಿಕನ್ ಕನ್ನಡದಲ್ಲಿ.

ಕನ್ನಡ ಮಾತಾಡೇ ಅಂತ ಆ ಹುಡುಗಿಯನ್ನು ದಿನಾ ಗೋಗರೆಯುವವಳು ನಾನು. ಆ ಕ್ಷಣ, ಇವಳಿಗೆ ಕನ್ನಡ ಬರದಿದ್ದರೇ ಚೆನ್ನಾಗಿತ್ತು ಅನ್ನಿಸಿತು. ಇದನ್ನು ಬರೆಯುವಾಗಲೂ ಮುಖ ಬಿಸಿಯಾಗುತ್ತಿದೆ.

ಚಾಂಡಾಳ ಮುಂದಿನ ಪ್ರಶ್ನೆ ಸರಳವಾಗಿತ್ತು. ನಿಮ್ಮ ಜಾಂಬಿಯನ್ ಫ್ರೆಂಡ್ಸ್ ಮನೆ ಹೇಗಿತ್ತು? ಕರೆಂಟ್, ನೀರು ಇತ್ತಾ?

ನಾಗರಾಜ್ ಅಂಕಲ್ ಕೈಯಲ್ಲಿದ್ದ ಚಕ್ಕುಲಿಯನ್ನು ತಟ್ಟೆಯಲ್ಲಿಟ್ಟರು. ನಾವು ಹೆಚ್ಚಾಗಿ ಇಂಡಿಯನ್ಸ್ ಜೊತೇಲೇ ಇರ್ತಿದ್ವಿ, ಯೂ ನೋ, ಅಂದರು. ಹುಡುಗಿ ಪಾಟೀಲರ ಕಡೆ ತಿರುಗಿದಳು.

"ಎಷ್ಟೋ ಮಂದೀನ ಮುಟ್ಟಿ ನೋಡೇನಿ," ಅಂದರು ನನಗೆ. "ಒಬ್ಬರ ಮನಿಯೊಳಗೂ ಹೋಗಿಲ್ಲ ನೋಡವಾ." ಆಮೇಲೆ ಅದನ್ನೇ ಚಾಂಡಾಗೆ ಇಂಗ್ಲಿಷಿನಲ್ಲಿ ಹೇಳಿದರು. ನಾನು ಮಾಡದ ಕೆಲಸವನ್ನು ಅವರು ಮಾಡಿದರು. ಮತ್ತೆ ಪಂದ್ಯ ಮುಂದುವರಿಯಲಿಲ್ಲ.

ಪ್ರಾಜೆಕ್ಟ್ ಅರ್ಧಕ್ಕೇ ನಿಂತಿತ್ತಲ್ಲ, ಮಾರನೆಯ ದಿನ ಕಾವ್ಯಾ ಚಾಂಡಾಳ ಮನೆಗೆ ಹೋದಳು. ಸಂಜೆ ಕರೆದುಕೊಂಡು ಬರಲು ಹೋದೆ. ಹೊರಗೇ ನಿಂತು ಕೂಗೋಣ ಅಂದುಕೊಂಡಿದ್ದೆ. ಗ್ರೇಸ್ ಬಿಡಲಿಲ್ಲ. "ಕಮ್ ಇನ್, ಕಮ್ ಇನ್" ಅಂತ ಸೀದಾ ಅಡುಗೆಮನೆಗೆ ಕರೆದೊಯ್ದು ಕುರ್ಚಿ ಎಳೆದರು. ಒಲೆಯ ಮೇಲೆ ಮುದ್ದೆಯಂಥದ್ದೇನೋ ತೊಳಸುತ್ತಿದ್ದರು, ಬಿಳಿ ಮುಸುಕಿನ ಜೋಳದ ಹಿಟ್ಟಿನದು. ಪಕ್ಕದಲ್ಲಿ ಕಡಲೆಕಾಯಿ ಪುಡಿ ಹಾಕಿದ ಸೊಪ್ಪು.

ತೊಳಸುತ್ತಲೇ ಹುಡುಗಿಯರಿಗೆ ತಮ್ಮ ತಂಗಿಯ ಕಥೆ ಹೇಳುತ್ತಿದ್ದರು. ಆಕೆ ಬೋಟ್ಸ್ವಾನಾದಲ್ಲಿ ಟೀಚರ್. ಅಲ್ಲಿ ಸಂಬಳ ಹೊತ್ತಿಗೆ ಸರಿಯಾಗಿ ಬರುತ್ತೆ, ಆಸ್ಪತ್ರೆಯಲ್ಲಿ ಔಷಧಿ ಇರುತ್ತೆ; ಲುಸಾಕಾದಲ್ಲಿ ಎರಡನ್ನೂ ನಂಬುವ ಹಾಗಿಲ್ಲ. ಆದರೂ ಆಕೆ ಹೆರಿಗೆಗೆ ಲುಸಾಕಾಗೇ ಹೋದಳಂತೆ. ಅಲ್ಲಿ ಅಮ್ಮ ಇದ್ದಳಲ್ಲ.

"ಹಾಗಾದ್ರೆ ಯಾವುದು ಬೆಟರ್?" ಕಾವ್ಯಾ ಕೇಳಿದಳು.

ಗ್ರೇಸ್ ನಕ್ಕರು. "ನನ್ನ ತಂಗೀನೇ ಇನ್ನೂ ತೀರ್ಮಾನ ಮಾಡಿಲ್ಲ. ನೀವು ಶುಕ್ರವಾರದೊಳಗೆ ಮಾಡಬೇಕಾ?"

ಅಷ್ಟರಲ್ಲಿ ಕಾವ್ಯಾ ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು. "ಐ ಟೋಲ್ಡ್ ದೆಮ್, ಅಮ್ಮ. ಅಂಕಲ್ ಏನು ಹೇಳಿದ್ರು ಅಂತ."

ಎದ್ದು ಓಡಿಹೋಗೋಣ ಅನ್ನಿಸಿತು. "ಗ್ರೇಸ್, ನಿನ್ನೆ ನಾನು..." ಅಂದೆ.

"ಐ ನೋ," ಅಂದರು. ಟೀ ಬಗ್ಗಿಸಿ ನನ್ನ ಮುಂದಿಟ್ಟರು. ಏನೂ ಆಗಿಲ್ಲ ಅನ್ನಲಿಲ್ಲ. ಪರವಾಗಿಲ್ಲ ಅಂತಲೂ ಅನ್ನಲಿಲ್ಲ.

ಆಮೇಲೆ ತಾವೇ ಮಾತು ತೆಗೆದರು. ಲುಸಾಕಾದಲ್ಲಿ ಅವರ ಸ್ಕೂಲಿನಲ್ಲೂ ಒಬ್ಬರು ಇಂಡಿಯನ್ ಮೇಷ್ಟ್ರಿದ್ದರಂತೆ (ನಮ್ಮ ಅಂಕಲ್ ಅಲ್ಲ, ಬೇರೆಯವರು). ಒಳ್ಳೆಯ ಮೇಷ್ಟ್ರು. ಸಂಜೆ ಅವರ ಗೇಟಿನ ಮುಂದೆ ಹಾದುಹೋಗುವಾಗ ಘಂ ಅಂತ ಏನೋ ವಾಸನೆ ಬರುತ್ತಿತ್ತಂತೆ. ಇವರು ಏನು ತಿನ್ನುತ್ತಾರಪ್ಪಾ ಅಂತ ಮಕ್ಕಳೆಲ್ಲ ಮಾತಾಡಿಕೊಳ್ಳುತ್ತಿದ್ದರಂತೆ. ಮೇಷ್ಟ್ರು ಒಮ್ಮೆಯೂ ಯಾರನ್ನೂ ಒಳಗೆ ಕರೆಯಲಿಲ್ಲವಂತೆ.

"ನಿಮ್ಮ ಮನೆ ಬಾಗಿಲಲ್ಲೂ ಅದೇ ವಾಸನೆ ಬರುತ್ತೆ," ಅಂದರು ಗ್ರೇಸ್. "ಏನದು?"

"ಇಂಗು," ಅಂದೆ.

ಅದು ಪೂರ್ತಿ ಉತ್ತರ ಅಲ್ಲ ಅಂತ ಅವರಿಗೂ ಗೊತ್ತಿತ್ತು.