ಜಾಂಗಡಿಗೆ ತಂದ ಎರಡು ಆಂಪ್ಲಿಫಯರ್

ಮೊನ್ನೆ ಪಕ್ಕದ ಮನೆಯ ಪಾರ್ವತಮ್ಮನವರ ಜೊತೆ ಮಿಕ್ಸಿ ಕೊಳ್ಳಲು ಹೋಗಿದ್ದೆ. ನಮ್ಮ ಬೀದಿಯ ಹೆಂಗಸರು ಏನು ಕೊಳ್ಳುವುದಿದ್ದರೂ ನನ್ನನ್ನು ಕರೆಯುತ್ತಾರೆ. ಕರೆಯದಿದ್ದರೆ ನಾನೇ ಹೋಗುತ್ತೇನೆ. ಅಂಗಡಿಯವನು ಮಿಕ್ಸಿಯನ್ನು ಖಾಲಿ ತಿರುಗಿಸಿ ತೋರಿಸಿದ. ಹೊಸ ಮೋಟಾರು ಕಾದಾಗ ವಾರ್ನಿಷ್ ಸುಟ್ಟಂಥ ಒಂದು ವಾಸನೆ ಬರುತ್ತದಲ್ಲ, ಅದು ಗುಪ್ಪೆಂದು ಎದ್ದಿತು. ಪಾರ್ವತಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡರು. ನಾನು ಮಾತ್ರ ಮೂಗರಳಿಸಿ ನಿಂತುಬಿಟ್ಟೆ. ಕಲ್ಯಾಣದುರ್ಗದ ಒಂದು ಮದುವೆ ಚಪ್ಪರದಲ್ಲಿ, ನನ್ನ ತಮ್ಮನ ಬೆನ್ನ ಹಿಂದೆ ಕೂತು ಒಂದು ಸಂಜೆಯೆಲ್ಲ ಆ ವಾಸನೆಯನ್ನೇ ಕುಡಿದಿದ್ದೆ. ಅಲ್ಲಿ ಕಾಯುತ್ತಿದ್ದದ್ದು ಮಿಕ್ಸಿಯಲ್ಲ, ಗಿಟಾರಿಗೆ ಹಾಕುವ, ಹಳೆ ರೇಡಿಯೋದಲ್ಲಿದ್ದಂಥ ಗಾಜಿನ ವಾಲ್ವಿನ ಆಂಪ್ಲಿಫಯರ್.

ಸೀರೆ ಮಾರುವವಳಿಗೂ ಗಿಟಾರಿಗೂ ಏನು ಸಂಬಂಧ ಎಂದು ನೀವು ಕೇಳಿದರೆ ತಪ್ಪಿಲ್ಲ. ಹಿಂದೂಪುರದ ನಮ್ಮ ಮನೆ ಮಗ್ಗದ ಮನೆ. ಅಪ್ಪ ನೇಯುತ್ತಿದ್ದರು; ನಾನು ಗಂಟು ಕಟ್ಟಿಕೊಂಡು ಊರೂರಿಗೆ ಹೋಗಿ ಮಾರುತ್ತಿದ್ದೆ. ಮಡಕಶಿರ, ಪಾವಗಡ, ಕಂಬದೂರು, ಕಲ್ಯಾಣದುರ್ಗ, ಹೀಗೆ ಬಸ್ಸು ಹೋದಲ್ಲೆಲ್ಲ ನನ್ನ ಗಂಟೂ ಹೋಗುತ್ತಿತ್ತು. ನಮ್ಮ ವ್ಯಾಪಾರದಲ್ಲಿ ಜಾಂಗಡ್ ಎಂಬ ಪದ್ಧತಿಯಿದೆ. ಮದುವೆ ಮನೆಗೆ ಇಡೀ ಗಂಟನ್ನೇ ಕೊಟ್ಟು ಬರುವುದು. ಅವರು ತಮ್ಮ ಮನೆಯ ಬೆಳಕಿನಲ್ಲಿ, ತಮ್ಮ ಹುಡುಗಿಯ ಹೆಗಲ ಮೇಲೆ ಹಾಕಿ ನೋಡಿ, ಮೆಚ್ಚಿದ್ದನ್ನು ಇಟ್ಟುಕೊಂಡು ಉಳಿದದ್ದನ್ನು ವಾಪಸ್ ಕೊಡುತ್ತಾರೆ. ಕೊಟ್ಟವರಿಗೆ ನಷ್ಟ ಎಂದು ನಿಮಗನ್ನಿಸಬಹುದು. ಹೆಂಗಸರಿರುವ ಮನೆಯಲ್ಲಿ ವಾರ ಕಾಲ ಕೂತ ಗಂಟು ತುಂಬಿಕೊಂಡು ವಾಪಸ್ ಬಂದದ್ದನ್ನು ನಾನಂತೂ ಕಂಡಿಲ್ಲ.

ನೀವು ಸೀರೆ ಕೊಳ್ಳುವಾಗ ಸೆರಗು ನೋಡಿ ಮರುಳಾಗಬೇಡಿ. ಸೆರಗು ತೋರಿಸುವುದಕ್ಕೆಂದೇ ಇರುವುದು. ಸೀರೆಯನ್ನು ಮಗುಚಿ ಹಿಂಬದಿ ನೋಡಿ. ನೇಯ್ದವನು ಎಲ್ಲಿ ಆತುರಪಟ್ಟ, ಎಲ್ಲಿ ಎಳೆ ಉಳಿಸಿದ ಎಂಬುದೆಲ್ಲ ಅಲ್ಲಿ ಕಾಣುತ್ತದೆ. ಈ ಅಭ್ಯಾಸ ನನಗೆ ಎಷ್ಟು ಅಂಟಿದೆಯೆಂದರೆ, ನನ್ನನ್ನು ನೋಡಲು ಬಂದ ಗಂಡನ್ನೂ ಅವರು ಎದ್ದು ಹೊರಟಾಗ ಹಿಂದಿನಿಂದ ಇನ್ನೊಂದು ಸಲ ನೋಡಿದ್ದೆ. ಅಂಗಿಯ ಹಿಂಬದಿಗೆ ಇಸ್ತ್ರಿ ಇರಲಿಲ್ಲ. ಆದರೂ ಒಪ್ಪಿಕೊಂಡೆ, ಆ ಕಥೆ ಬೇರೆ.

ನನ್ನ ತಮ್ಮ ಸೀನ ಮಗ್ಗದ ಗುಂಡಿಗೆ ಇಳಿಯಲು ಒಲ್ಲದವನು. ಊರಿನ ಒಂದು ಆರ್ಕೆಸ್ಟ್ರಾದಲ್ಲಿ ಗಿಟಾರು ನುಡಿಸುತ್ತಿದ್ದ. ಸ್ವಂತ ಆಂಪ್ಲಿಫಯರ್ ಇಲ್ಲದ ಕಾರಣ ಅವನ ಗಿಟಾರಿನ ವೈರನ್ನೂ ಹಾಡುವವರ ಮೈಕಿನ ಜೊತೆಗೇ ಸಿಕ್ಕಿಸುತ್ತಿದ್ದರು. ಹಾಡು ಕೇಳಿಸುತ್ತಿತ್ತು, ಡೋಲಕ್ ಕೇಳಿಸುತ್ತಿತ್ತು. ಸೀನನ ಕೈ ಆಡುವುದು ಮಾತ್ರ ಕಾಣಿಸುತ್ತಿತ್ತು. ಆರ್ಕೆಸ್ಟ್ರಾ ನಡೆಸುತ್ತಿದ್ದವರನ್ನು ಎಲ್ಲರೂ ಮಾಸ್ಟರ್ ಎನ್ನುತ್ತಿದ್ದರು. ಕೆಟ್ಟ ಮನುಷ್ಯರಲ್ಲ, ಆದರೆ ಕೇಳಿಸದ ವಾದ್ಯವನ್ನು ಊರೂರಿಗೆ ಹೊತ್ತು ತಿರುಗಲು ಅವರಿಗೇನು ಹರಕೆಯೇ? ಒಂದು ದಿನ ಮನೆಗೇ ಬಂದು ಹೇಳಿಬಿಟ್ಟರು: "ಕಲ್ಯಾಣದುರ್ಗದ ಮದ್ವೇಲಿ ನಿನ್ ಗಿಟಾರು ಊಟಕ್ಕೆ ಕೂತೋರ್ಗೂ ಕೇಳಿಸ್ಬೇಕು ಕಣ್ಲಾ. ಇಲ್ಲ ಅಂದ್ರೆ ಅನಂತಪುರದಿಂದ ಕೀಬೋರ್ಡ್‌ನೋನ್ನ ಕರೆಸ್ಕತೀನಿ." ಅಪ್ಪ ಒಳಗೆ ಹೋಗಿ ಖಾಲಿ ಬಿದ್ದಿದ್ದ ಎರಡನೆಯ ಮಗ್ಗದ ಧೂಳು ಒರೆಸತೊಡಗಿದರು. ಸೀನನಿಗೆ ಅಷ್ಟು ಸಾಕಾಯಿತು. ಅಡುಗೆಮನೆಗೆ ಬಂದು, "ಅಕ್ಕಾ, ಆಂಪ್ಲಿಫಯರ್ ತಗೋಬೇಕು, ನೀನು ಬಂದು ವ್ಯಾಪಾರ ಮಾಡಿಕೊಡು" ಎಂದ.

ಮೈಕ್ ಸೆಟ್ ಬಾಡಿಗೆಗೆ ಕೊಡುವ ಖಾಸಿಂ ಸಾಬರ ಬಳಿ ಎರಡು ಗಿಟಾರ್ ಆಂಪ್ಲಿಫಯರ್ ಮಾರಾಟಕ್ಕಿದ್ದವು. ಎರಡನ್ನೂ ಬೆಂಗಳೂರಿನಲ್ಲಿ ಒಬ್ಬರೇ ಕೈಯಾರೆ ಮಾಡಿದ್ದು. ಒಂದು ಮೊದಲ ಮಾದರಿ, ಇನ್ನೊಂದು ಅದನ್ನೇ ತಿದ್ದಿ ಮಾಡಿದ ಎರಡನೆಯ ಮಾದರಿ. ಹೊರಗಿನಿಂದ ಅವಳಿ ಮಕ್ಕಳ ಹಾಗಿದ್ದವು. ಸೀನ ಮೊದಲು ಹೊಸದಕ್ಕೆ ಗಿಟಾರು ಸಿಕ್ಕಿಸಿ ಒಂದು ತಂತಿ ಮೀಟಿದ. ಪರ್ ಎಂದು ರೇಷ್ಮೆ ಸೀರೆ ಹರಿದ ಹಾಗಾಯಿತು. ನನ್ನ ಕೈ ತಾನಾಗಿ ಸೆರಗಿಗೆ ಹೋಯಿತು. ಸೀನನ ಮುಖ ನೋಡಿದರೆ ಹಬ್ಬ. ಆ ಹರಿದ ಸದ್ದೇ ಬೇಕಂತೆ, ಅದಕ್ಕೆ ಗೇನ್ ಅನ್ನುತ್ತಾರಂತೆ, ಹೊಸದರಲ್ಲಿ ಗೇನಿಗೂ ಸದ್ದಿಗೂ ತಿರುಗಿಸುವ ಗುಬುಟು ಬೇರೆಬೇರೆ ಇರುವುದರಿಂದ ಮೆಲ್ಲಗೆ ನುಡಿಸಿದರೂ ಅದು ಹರಿಯುತ್ತದಂತೆ. ಹಳೆಯದಕ್ಕೆ ಒಂದೇ ಗುಬುಟು, ಸದ್ದು ಹೆಚ್ಚಿಸುವುದಕ್ಕೆ. ಸ್ವಲ್ಪ ತಿರುಗಿಸಿದ್ದೇ ತಡ, ಪಕ್ಕದ ಬೀಗದಂಗಡಿಯವನು ಗೋಡೆ ಗುದ್ದಿದ. ಅಷ್ಟಕ್ಕೇ ನಿಲ್ಲಿಸಬೇಕಾಯಿತು. ಬಂದ ಸದ್ದು ತೊಳೆದು ಮಡಿಸಿದ ಪಂಚೆಯ ಹಾಗಿತ್ತು. ನನಗೆ ಅದೇ ಚೆನ್ನ ಅನ್ನಿಸಿತು. ಸೀನ ಮೂತಿ ತಿರುಗಿಸಿದ.

ನಾನು ಎರಡನ್ನೂ ಮಗುಚಿಸಿದೆ. ಹಳೆಯದರ ಬೆನ್ನಿಗೆ ಒಂದು ಸಣ್ಣ ಚಕ್ರ, ಸುತ್ತಲೂ ಅಂಕಿಗಳು. ಹೊಸದರಲ್ಲಿ ಆ ಜಾಗ ಬೋಳು. ಇದೇನೆಂದು ಕೇಳಿದ್ದಕ್ಕೆ ಸಾಬರು, ಕರೆಂಟು ಇಳಿಯುವ ಊರುಗಳಿಗೆಂದು ಇಟ್ಟದ್ದು, ವೋಲ್ಟೇಜು ಎಷ್ಟಿದೆಯೋ ಆ ಅಂಕಿಗೆ ತಿರುಗಿಸಿಕೊಳ್ಳಬೇಕು, ಬೆಂಗಳೂರಿನವರಿಗೆ ಬೇಡವಾದ್ದರಿಂದ ಹೊಸದರಲ್ಲಿ ತೆಗೆದುಬಿಟ್ಟರು ಎಂದರು. ನನ್ನ ಕಿವಿ ನೆಟ್ಟಗಾಯಿತು. ಸಂಗೀತ ನನಗೆ ಗೊತ್ತಿಲ್ಲದಿರಬಹುದು, ಆದರೆ ಯಾವ ಊರಲ್ಲಿ ಎಷ್ಟು ಹೊತ್ತಿಗೆ ಬಲ್ಬು ಮಂಕಾಗುತ್ತದೆ ಎಂಬುದು ಬಾಯಿಪಾಠ. ಕಲ್ಯಾಣದುರ್ಗದಲ್ಲಿ ಸಂಜೆ ತೋಟಗಳ ಬೋರ್‌ವೆಲ್ ಮೋಟಾರುಗಳಿಗೆ ಕರೆಂಟು ಬಿಟ್ಟರೆ ಮನೆಗಳ ಬೆಳಕು ಅರ್ಧವಾಗುತ್ತಿತ್ತು. ಆಮೇಲೆ ಮರೂನ್ ಸೀರೆ ಯಾವುದು, ಕಂದು ಸೀರೆ ಯಾವುದು ಎಂದು ದೇವರೇ ಹೇಳಬೇಕು. ಅಲ್ಲಿ ನಾನು ಸಂಜೆಯ ಹೊತ್ತು ಗಂಟು ಬಿಚ್ಚುತ್ತಲೇ ಇರಲಿಲ್ಲ.

ಹಳೆಯದೇ ತಗೋ ಎಂದೆ. ಅದರಲ್ಲಿ ಗೇನ್ ಇಲ್ಲ ಎಂದ. ಗೇನ್ ತಗೊಂಡು ಕತ್ತಲಲ್ಲಿ ಏನು ಮಾಡ್ತೀಯ ಎಂದೆ. ಗಿಟಾರು ತಗೊಂಡು ಪಂಚೆ ಒಗೀಲಾ ಎಂದ. ಹೀಗೆ ಅಂಗಡಿಯಲ್ಲೇ ಅಕ್ಕತಮ್ಮಂದಿರ ಜಗಳ ನಡೆಯುತ್ತಿರುವಾಗ ಸಾಬರು ಚಹಾ ತರಿಸಿದರು. ಚಹಾ ಬಂತೆಂದರೆ ವ್ಯಾಪಾರಿಗೆ ಅವಸರವಿದೆ ಎಂದರ್ಥ, ಇದನ್ನು ನೆನಪಿಟ್ಟುಕೊಳ್ಳಿ. ಅರ್ಧ ಲೋಟ ಕುಡಿದು ನಾನು ಮೆಲ್ಲಗೆ, ಎರಡನ್ನೂ ಜಾಂಗಡಿಗೆ ಕೊಡಿ, ಮದುವೆಯಲ್ಲಿ ನುಡಿಸಿ ನೋಡಿ ಒಂದನ್ನು ವಾಪಸ್ ತರುತ್ತೇವೆ ಎಂದೆ.

"ಇದೇನು ಸೀರೆನಾ ಅಮ್ಮಾ, ಮೈಮ್ಯಾಲೆ ಹಾಕ್ಕೊಂಡು ನೋಡಿ ವಾಪಸ್ ಕೊಡಾಕೆ?"

"ಹಾಕ್ಕೊಂಡು ನೋಡಕ್ಕಾಗಲ್ಲ ಭಾಯ್, ಅದಕ್ಕೇ ಮದ್ವೆಗೆ ತಗೊಂಡೋಯ್ತೀವಿ. ನಿಮ್ಮನೇಲೂ ಮಗಳ ಮದ್ವೆ ಐತಲ್ಲ, ನಾವ್ ವಾಪಸ್ ಬರೋಗಂಟ ನನ್ ಸೀರೆ ಗಂಟು ನಿಮ್ಮನೇಲಿರ್ಲಿ. ನಂಬಿಕೆಗೆ."

ಸಾಬರು ನನ್ನ ಕಾಲ ಬಳಿಯಿದ್ದ ಗಂಟನ್ನು ನೋಡಿದರು, ನನ್ನನ್ನು ನೋಡಿದರು. ಬುದ್ಧಿವಂತರು, ಏನು ನಡೆಯುತ್ತದೆಂದು ಅವರಿಗೂ ಗೊತ್ತಿತ್ತು. ಆದರೆ ಅಷ್ಟರಲ್ಲಿ ಒಳಗಿನ ಪರದೆ ಸರಿದು, ಅವರ ಹೆಂಡತಿಯ ಕೈ ಗಂಟಿನ ಕಡೆ ಚಾಚಿಯಾಗಿತ್ತು.

ಬಸ್ಸಿನ ಮೇಲೆ ಹಾಕಿದರೆ ವಾಲ್ವು ಒಡೆದೀತೆಂದು ಎರಡು ಪೆಟ್ಟಿಗೆಗಳನ್ನೂ ಒಳಗೇ ಇಟ್ಟು, ಕಡಲೆಕಾಯಿ ಮೂಟೆಗಳ ನಡುವೆ ಕಾಲು ಮಡಚಿ ಕೂತು ಹೋದೆವು. ಕಂಡಕ್ಟರು, ಪಿಳ್ಳೆಗಳಿಗೆ ಅರ್ಧ ಟಿಕೆಟ್ ತಗೋಬೇಕು ಎಂದು ತಮಾಷೆ ಮಾಡಿದ. ಅವಳಿ ಮಕ್ಕಳಿಗೆ ಒಂದೇ ಎಂದು ನಾನು ಅಲ್ಲೂ ಚೌಕಾಸಿಗಿಳಿದೆ.

ಆರತಕ್ಷತೆ ಬೆಳಕಿರುವಾಗಲೇ ಶುರುವಾಯಿತು. ಸೀನ ನನ್ನ ಮಾತು ಕೇಳದೆ ಹೊಸದನ್ನೇ ಹಾಕಿದ. ಒಪ್ಪಿಕೊಳ್ಳಬೇಕು, ಮೊದಲ ಎರಡು ಹಾಡು ಚೆನ್ನಾಗಿಯೇ ಬಂದವು. ಅವನು ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದ್ದೂ ಆಯಿತು. ಆಮೇಲೆ ಚಪ್ಪರದ ಬಲ್ಬುಗಳು ಕುಂಕುಮದ ಬಣ್ಣಕ್ಕೆ ಇಳಿದವು. ಮೋಟಾರುಗಳಿಗೆ ಕರೆಂಟು ಬಿಟ್ಟಿದ್ದರು. ಹಾಡುವವರ ಮೈಕ್ ಸೆಟ್ಟು ಬ್ಯಾಟರಿಯ ಮೇಲಿತ್ತು, ಅದಕ್ಕೇನೂ ಆಗಲಿಲ್ಲ. ಸೀನನ ಪೆಟ್ಟಿಗೆಯೊಳಗೆ ಕೆಂಡದ ಹಾಗಿದ್ದ ವಾಲ್ವುಗಳು ಬೂದಿ ಮುಚ್ಚಿದಂತಾದವು. ಗಿಟಾರು ಕುಂಯ್ಗುಡುತ್ತ ಸಣ್ಣಗಾಗಿ, ಇತ್ತೋ ಇಲ್ಲವೋ ಎಂಬಂತಾಯಿತು. ಮಾಸ್ಟರ್ ಹಾರ್ಮೋನಿಯಂ ಬಿಡದೆಯೇ ಬಾಗಿ ಕೇಳಿದರು: "ಏನ್ಲಾ ಸೀನ, ಡಬ್ಬದಾಗೆ ಸೊಳ್ಳೆ ಹಿಡ್ಕೊಂಡ್ ಬಂದ್ಬುಟ್ಯಾ?"

ಸೀನನ ಮುಖ ನೋಡಲಾಗಲಿಲ್ಲ. ನಾನು ಹಿಂದಿನಿಂದ ಹಳೆಯ ಪೆಟ್ಟಿಗೆಯನ್ನು ದಬ್ಬಿ, ನಾಲ್ಕಾಣೆ ಬಿಲ್ಲೆಯನ್ನು ಚಕ್ರದ ಸೀಳಿಗೆ ಹಾಕಿ ಎಲ್ಲಕ್ಕಿಂತ ಕೆಳಗಿನ ಅಂಕಿಗೆ ತಿರುಗಿಸಿದೆ. ಆಮೇಲೆ ವೈರು ಸಿಕ್ಕಿಸಿದೆವು. ವಾಲ್ವು ಕಾಯುವ ತನಕ ಕಾಯಬೇಕಲ್ಲ. ಒಂದು ಹಾಡಿನ ಪಲ್ಲವಿಯಷ್ಟು ಹೊತ್ತು ನನಗೆ ಒಂದು ವರ್ಷವಾಯಿತು. ವಾರ್ನಿಷ್ಷಿನ ವಾಸನೆ ಎದ್ದಿತು. ಕೆಂಡ ಮೂಡಿತು. ಸದ್ದು ಬಂತು, ಗಟ್ಟಿಯಾಗಿಯೇ ಬಂತು. ಆದರೆ ಅದೇ ಮಡಿಸಿದ ಪಂಚೆ. ನನಗೆ ಗೆದ್ದಷ್ಟು ಖುಷಿ. ಸೀನ ಮಾತ್ರ ಆ ಒಂದೇ ಗುಬುಟನ್ನು ದಿಟ್ಟಿಸಿ ನೋಡಿದ. ಸುತ್ತಲೂ ನೋಡಿದ. ಬಯಲು. ಗೋಡೆ ಗುದ್ದುವ ಬೀಗದಂಗಡಿ ಇಲ್ಲಿರಲಿಲ್ಲ.

"ಅಕ್ಕಾ, ಇದನ್ನ ಕೊನೇಗಂಟ ತಿರುಗಿಸ್ತೀನಿ. ಬಯ್ಬೇಡ" ಎಂದ.

ಹಾಡಿನ ಚರಣ ಮುಗಿದು ಅವನ ಸರದಿ ಬಂತು. ಏನು ಹೇಳಲಿ! ಹರಿಯಿತು. ಆದರೆ ಅಂಗಡಿಯಲ್ಲಿ ಕೇಳಿದ ಹಾಗೆ ಒಂದು ಸೀರೆಯಲ್ಲ, ಚಪ್ಪರದ ಈ ತುದಿಯಿಂದ ಆ ತುದಿಯವರೆಗೆ ಥಾನುಗಟ್ಟಲೆ ರೇಷ್ಮೆಯನ್ನು ಒಂದೇ ಎಳೆತಕ್ಕೆ ಸೀಳಿದ ಹಾಗೆ. ನನ್ನ ಕೈ ಸೆರಗಿಗೆ ಹೋಗಲಿಲ್ಲ. ಎದೆಯ ಮೇಲಿತ್ತು. ಅದರೊಳಗೆ ಒಂದು ಅಳು ಇತ್ತು, ಒಂದು ಗರ್ವವೂ ಇತ್ತು. ಇಷ್ಟು ವರ್ಷ ನನ್ನ ತಮ್ಮ ಕೈಯಾಡಿಸುತ್ತಾ ಹೇಳುತ್ತಿದ್ದದ್ದು ಇದನ್ನೇ ಎಂದು ಆ ಹೊತ್ತು ಗೊತ್ತಾಯಿತು. ಊಟದ ಪಂಕ್ತಿಯಲ್ಲಿ ಸಾರು ಬಡಿಸುತ್ತಿದ್ದವನು ಸೌಟು ಎತ್ತಿದವನು ಹಾಗೇ ನಿಂತ. ಮದುಮಗಳ ತಾತ ಎಲೆಯ ಮುಂದಿನಿಂದಲೇ ಕೂಗಿ ಕೇಳಿದರು: "ಎವುರಪ್ಪಾ ಆ ಪಿಲ್ಲೋಡು? ಮಳ್ಳಾ ವಾಯಿಂಚಮನು." ಯಾರಪ್ಪ ಆ ಹುಡುಗ, ಇನ್ನೊಂದು ಸಲ ನುಡಿಸಲಿ ಎಂದು. ಮಾಸ್ಟರ್ ಹಾಡುವವರಿಗೆ ಕೈ ತೋರಿಸಿ ನಿಲ್ಲಿಸಿದರು. ಸೀನನ ಕಡೆ ತಲೆಯಾಡಿಸಿದರು. ಅವನು ಒಬ್ಬನೇ ನುಡಿಸಿದ.

ಅನಂತಪುರದ ಕೀಬೋರ್ಡಿನವನು ಬರಲೇ ಇಲ್ಲ. ಮಾರನೆಯ ವಾರ ಅಪ್ಪ ಆ ಎರಡನೆಯ ಮಗ್ಗವನ್ನು ಬಿಚ್ಚಿ ಮೂಲೆ ಖಾಲಿ ಮಾಡಿ, ಪೆಟ್ಟಿಗೆ ಅಲ್ಲಿಡು, ಒರಲೆ ಬರಲ್ಲ ಎಂದರಂತೆ. ಹೊಸ ಮಾದರಿಯನ್ನು ನಾನು ಖಾಸಿಂ ಸಾಬರಿಗೆ ಒಪ್ಪಿಸಿದೆ. ಅವರು ನನ್ನ ಗಂಟನ್ನು ಒಪ್ಪಿಸಿದರು. ಎತ್ತಿ ನೋಡಿದೆ, ಹಗುರವಾಗಿತ್ತು. ಇಬ್ಬರೂ ನಕ್ಕೆವು. ಅವರ ನಗು ಸ್ವಲ್ಪ ಹುಳ್ಳಗಿತ್ತು.

ಆ ದಿನ ಮಿಕ್ಸಿಯಂಗಡಿಯಿಂದ ಬಂದವಳಿಗೆ ಇದೆಲ್ಲ ತಲೆಯಲ್ಲೇ ಸುತ್ತುತ್ತಿತ್ತು. ಚಕ್ರ ತಿರುಗಿಸಿದ್ದು ನಾನೇ ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದೇನೆ. ಗುಬುಟು ತಿರುಗಿಸಿದ್ದು ಅವನು ಎಂಬುದನ್ನು ಯಾರಿಗೂ ಅಷ್ಟು ಬಿಡಿಸಿ ಹೇಳಿರಲಿಲ್ಲ. ಈಗ ಹೇಳಿದೆ.

ಇವತ್ತು ಬೆಳಿಗ್ಗೆ ಸೀನ ಫೋನ್ ಮಾಡಿದ್ದ. ಈಗ ಹಿಂದೂಪುರದಲ್ಲೇ ಗಿಟಾರು ಕಲಿಸುತ್ತಾನೆ, ಕಿವಿಯ ಪಕ್ಕದಲ್ಲಿ ಕೂದಲು ನೆರೆತಿದೆ. ಯಾರೋ ಒಂದೇ ಆಂಪ್ಲಿಫಯರಿನ ಎರಡು ಮಾದರಿ ಮಾರುತ್ತಿದ್ದಾರಂತೆ, ಬಂದು ನೋಡಬೇಕಂತೆ.

"ಬತ್ತೀನಿ ಕಣಪ್ಪ. ಆದ್ರೆ ಆರ್ಸೋದು ನೀನೇ. ನಾನು ಸುಮ್ನೆ ಕೂತ್ಕಂಡು ಕೇಳ್ತೀನಿ" ಎಂದೆ.

ಆ ಕಡೆಯಿಂದ ಸೀನ ಗಾಬರಿಯ ದನಿಯಲ್ಲಿ, "ಅಕ್ಕಾ, ಮೈ ಹುಷಾರೈತಾ?" ಎಂದ.

ಹುಷಾರಾಗೇ ಇದ್ದೀನಿ, ಚೌಕಾಸಿ ಮಾತ್ರ ನನಗೆ ಬಿಡು ಎಂದೆ.