ಮಂಕು ಹೆಡ್‌ಲೈಟು, ಕಬ್ಬಿನ ಗಾಡಿಯ ಹಾಡು

ಮೂರು ವರ್ಷದ ಹಿಂದೆ, ಕಬ್ಬು ಕಡಿಯುವ ಹಂಗಾಮಿನಲ್ಲಿ ನಡೆದದ್ದು. ನಾನು ನಿವೃತ್ತ ಪಿ.ಟಿ. ಮಾಸ್ತರ. ಹೊತ್ತು ಮುಳುಗುವುದರೊಳಗೆ ಬೈಕು ಮನೆ ಸೇರಬೇಕು ಎಂಬುದು ನನ್ನ ನಿಯಮ. ಅಂದು ನಾನು, ನನ್ನ ಹೆಂಡತಿ ಬಾದಾಮಿಯ ತಂಗಿಯ ಮನೆಯಿಂದ ನಮ್ಮೂರು ಕೆರೂರಿಗೆ ಹೊರಟಿದ್ದೆವು. ಬೈಕು ಚಾಲೂ ಮಾಡಿದ ಮೇಲೆ ತಂಗಿ, “ವೈನಿಗೆ ಉಡಿ ತುಂಬಲಾರದ ಹೆಂಗ ಕಳಸ್ಲಿ?” ಎಂದು ನನ್ನ ಹೆಂಡತಿಯನ್ನು ಮತ್ತೆ ಒಳಗೆ ಕರೆದೊಯ್ದಳು. ಉಡಿಯಲ್ಲಿ ಅಕ್ಕಿ, ಕೊಬ್ಬರಿ ಕಟ್ಟಿಕೊಂಡು ಅವಳು ಹೊರಬರುವಷ್ಟರಲ್ಲಿ ಬೆಳಕು ಹೋಗಿತ್ತು.

ನನ್ನದು ಹಳೆಯ ಬೈಕು. ಅಳಿಯ ಪ್ರೀತಿಯಿಂದ ಅದಕ್ಕೆ ಪ್ರಖರವಾದ ಹೊಸ ಬಲ್ಬ್ ಹಾಕಿಸಿದ್ದ. ಎಂಜಿನ್ನು ಬ್ಯಾಟರಿಗೆ ತುಂಬುವುದಕ್ಕಿಂತ ಆ ಬಲ್ಬ್ ತಿನ್ನುವುದೇ ಹೆಚ್ಚು ಎಂಬುದು ಊರು ದಾಟಿದ ಮೇಲೆ ತಿಳಿಯಿತು. ಹಾರ್ನ್ ಒತ್ತಿದರೆ ನೆಗಡಿಯಾದವರ ದನಿ. ವೇಗ ಇಳಿಸಿದರೆ ಹೆಡ್‌ಲೈಟು ಕೆಂಡದಂತೆ ಮಂಕಾಗುತ್ತಿತ್ತು. ಏರಿಸಿದರೆ ಮಾತ್ರ ರಸ್ತೆ ಕಾಣುತ್ತಿತ್ತು. ಕಾಣಬೇಕಾದರೆ ಜೋರಾಗಿ ಓಡಿಸಬೇಕು, ಓಡಿಸಿದರೆ ಜೀವಭಯ. ಎಂಜಿನ್ನಿಗೆ ಕಿಡಿ ಕೊಡುವುದೂ ಅದೇ ಬ್ಯಾಟರಿ. ಅದು ಇಳಿದರೆ ಆ ಕತ್ತಲೆಯಲ್ಲಿ, ಕಬ್ಬಿನ ಟ್ರ್ಯಾಕ್ಟರುಗಳ ದಾರಿಯಲ್ಲಿ ನಾವಿಬ್ಬರೂ ನಿಂತೇಬಿಡುತ್ತಿದ್ದೆವು.

ಗೊತ್ತಿದ್ದ ದಾರಿ. ನೇರ ಇದ್ದಲ್ಲಿ ಲೈಟು ಆರಿಸಿ, ತಿರುವು ಬಂದಾಗ ಹಚ್ಚತೊಡಗಿದೆ.

“ಯಾಕ್ರೀ, ಲೈಟ್ ಆರಸ್ತೀರಿ?”

“ಬ್ಯಾಟರಿ ಉಳಸಾಕ. ಗಟ್ಟಿ ಹಿಡ್ಕೊ, ಮಾತಾಡಬ್ಯಾಡ.”

ಅವಳು ನನ್ನ ಭುಜಕ್ಕೆ ಕೈ ಹಾಕಿ ಕುಳಿತಳು. ಸ್ವಲ್ಪ ದೂರ ಹೋಗಿರಬೇಕು, ನನ್ನ ಭುಜ ಹಿಸುಕಿ ಚೀರಿದಳು: “ರೀ, ಹಾಡ ಕೇಳಸ್ತೈತಿ! ಗಾಡಿ ಎಲ್ಲೈತಿ?”

ಕಬ್ಬಿನ ಟ್ರ್ಯಾಕ್ಟರಿನವರು ಹಚ್ಚುವ ಹಾಡಿನ ಅಬ್ಬರ ನನಗೂ ಕೇಳಿಸಿತು. ಗಾಡಿ ಮಾತ್ರ ಕಾಣಲಿಲ್ಲ. ಬ್ರೇಕ್ ಅದುಮಿ ಹೆಡ್‌ಲೈಟು ಹಾಕಿದೆ. ಆ ಕೆಂಪು ಮಿಣುಕಿನಲ್ಲಿ, ಕೈಚಾಚಿದರೆ ಸಿಗುವಷ್ಟು ಹತ್ತಿರ, ಕಬ್ಬಿನ ಜಲ್ಲೆಗಳು ನನ್ನ ಮುಖದ ಎತ್ತರದಲ್ಲಿ ಜೋಲಾಡುತ್ತಿದ್ದವು. ಟ್ರೇಲರಿನ ಹಿಂದೆ ಒಂದು ದೀಪವೂ ಇರಲಿಲ್ಲ.

ಏರಿನಲ್ಲಿ ಅದು ತೆವಳುತ್ತಿತ್ತು. ಎಂಜಿನ್ನು ನಿಲ್ಲಗೊಡದೆ ಪಕ್ಕಕ್ಕೆ ಹೋಗಿ ಕೂಗಿದೆ. ಚಾಲಕ ಗಾಡಿ ನಿಲ್ಲಿಸಿ ಬಗ್ಗಿ ನೋಡಿದ.

“ಲೈಟ್ ಇಲ್ದ ಎಲ್ಲಿಗೆ ಹೊಂಟೀರಿ, ಯಜಮಾನ್ರ?”

“ಮೊದಲ ನಿನ್ನ ಗಾಡಿ ಹಿಂದ ಹೋಗಿ ನೋಡು!”

ಅವನು ನಕ್ಕುಬಿಟ್ಟ. “ನಿಮಗ ಮುಂದಿಲ್ಲ, ನನಗ ಹಿಂದಿಲ್ಲ. ನನ್ನ ಮುಂದ ನಡೀರಿ, ನನ್ನ ಲೈಟ್ ಇಬ್ಬರಿಗೂ ಆಗ್ತೈತಿ. ಹಾಡ ಬಂದ್ ಮಾಡ್ಲೇನ್ರಿ?”

“ಬ್ಯಾಡಪಾ, ಇರಲಿ,” ಎಂದಳು ಹೆಂಡತಿ. “ಅದ ನಮ್ಮನ್ನ ಉಳಿಸೇತಿ.”

ನನ್ನ ಹೆಡ್‌ಲೈಟು ಆರಿಸಿ, ಅವನ ಬೆಳಕಿನಲ್ಲಿ ಕೆರೂರು ಮುಟ್ಟಿದೆ. ಮನೆಯಲ್ಲಿ ಅವಳು ಉಡಿ ಬಿಚ್ಚುವಾಗ ಅಕ್ಕಿ ನೆಲಕ್ಕೆ ಚೆಲ್ಲಿತು. ಇಬ್ಬರೂ ಕುಳಿತು ಒಂದೊಂದೇ ಕಾಳು ಆರಿಸಿದೆವು.

ಮರುದಿನವೇ ಹಳೆಯ ಬಲ್ಬ್ ಹಾಕಿಸಿದೆ. ಕಬ್ಬಿನ ಗಾಡಿ ಹಾಡುತ್ತ ಬಂದರೆ ಮೊದಲು ಕಿಟಕಿ ಮುಚ್ಚುತ್ತಿದ್ದೆ. ಈಗ ಮುಚ್ಚುವುದಿಲ್ಲ. ಆ ಹಾಡು ದೂರದಲ್ಲಿ ಕೇಳಿಸಿದರೆ ಸಾಕು, ಕುರ್ಚಿಯಲ್ಲಿ ಕುಳಿತಲ್ಲೇ ನನ್ನ ಬಲಗೈ ಬೆರಳುಗಳು ಬ್ರೇಕ್ ಹಿಡಿಯುವಂತೆ ಮಡಚಿಕೊಳ್ಳುತ್ತವೆ.