ಗ್ರಹಣದ ಫೋಟೊ ಮತ್ತು ಅತ್ತೆಯ ಗರಿಕೆ

ಆ ವರ್ಷ ದೀಪಾವಳಿ ಅಮಾವಾಸ್ಯೆಗೇ ಸೂರ್ಯಗ್ರಹಣ ಬಂದು ಕೂತಿತು. ಕಬ್ಬೂರಿನ ನಮ್ಮ ಮನೆಯ ಮಾಳಿಗೆಯಿಂದಲೇ ಅದರ ಫೋಟೊ ತೆಗೆಯುತ್ತೇನೆಂದು ನಾನು ಊರಿಗೆಲ್ಲ ಡಂಗುರ ಸಾರಿದ್ದೆ. ಮದುವೆ, ಬಸುರಿಯರ ಕುಬಸಗಳ ಫೋಟೊ ತೆಗೆದು ಪಳಗಿದವಳು ನಾನು. ಕಣ್ಣು ಪಿಳುಕಿಸದ ಗಿರಾಕಿ ಸಿಕ್ಕಿದ್ದು ಇದೇ ಮೊದಲು.

ಸುದ್ದಿ ಕೇಳಿ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವರು ನಮ್ಮ ಅತ್ತೆ. ಎಪ್ಪತ್ತು ದಾಟಿದ್ದರೂ ಅವರು ಒಂದೇ ಒಂದು ಗ್ರಹಣ ನೋಡಿದವರಲ್ಲ. ಬಸುರಿಯೆಂದು ಒಮ್ಮೆ, ಬಾಣಂತಿಯೆಂದು ಒಮ್ಮೆ, ಹಿರಿಯರು ಬೈಯುತ್ತಾರೆಂದು ಇನ್ನೊಮ್ಮೆ, ಕೊನೆಗೆ ರೂಢಿಯೇ ಆಗಿ, ಪ್ರತಿ ಸಲವೂ ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತವರು.

“ಖರೇ ಗ್ರಹಣ ನೋಡಬಾರದು. ಫೋಟೊ ನೋಡಿದ್ರ ಏನೂ ಆಗೂದಿಲ್ಲ. ಛಂದಂಗ ತಗದು ತೋರಸ ಬೇ,” ಎಂದರು. ಶಾಸ್ತ್ರಕ್ಕೆ ಈ ಕಿಂಡಿ ಕೊರೆದವರು ಅವರೇ. ಇನ್ನು ಫೋಟೊ ಕೆಡುವಂತಿರಲಿಲ್ಲ.

ಹಾರೂಗೇರಿಯಲ್ಲಿ ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವ ವೆಲ್ಡಿಂಗ್ ಅಂಗಡಿಗೆ ಹೋಗಿ ಕಪ್ಪು ಗಾಜು ಕೇಳಿದೆ. ಅಂಗಡಿಯ ಚಾಚಾ, “ನಮ್ಮ ಕೆಲಸಕ್ಕ ಹತ್ತ ನಂಬರ ಸಾಕ್ರಿ ಅಕ್ಕಾರ. ಸೂರ್ಯಾಗ ಹದಿನಾಲ್ಕ ನಂಬರದ್ದ ಬೇಕು,” ಎಂದು ಹುಡುಕಿ ಕೊಟ್ಟರು. ಅದನ್ನು ಲೆನ್ಸಿನ ಮುಂದಿಟ್ಟು ಟೇಪ್ ಸುತ್ತಿದೆ. ಮೂರು ಸಂಜೆ ಮಾಳಿಗೆ ಹತ್ತಿ, ಪಕ್ಕದ ಹೊಲದ ಕಬ್ಬಿನೊಳಗೆ ಸೂರ್ಯ ಎಲ್ಲಿ ಇಳಿಯುತ್ತಾನೆಂದು ನೋಡಿಕೊಂಡೆ. ಕ್ಯಾಮೆರಾ ಸ್ಟ್ಯಾಂಡಿನ ಕಾಲು ಊರುವ ಕಡೆ ಸುಣ್ಣದ ಗುರುತೂ ಬಿತ್ತು. ನನ್ನ ಮದುವೆಗೂ ಇಷ್ಟು ತಯಾರಿ ನಡೆದಿರಲಿಲ್ಲ.

ಗ್ರಹಣದ ಸಂಜೆ ಕರೆಂಟ್ ಬಂತೆಂದು ನಮ್ಮ ಮನೆಯವರು ಮೋಟರ್ ಚಾಲೂ ಮಾಡಲು ಹೊಲಕ್ಕೆ ಓಡಿದರು. ಅತ್ತೆ ನೀರಿನ ಕೊಡ, ಹಾಲು, ಉಪ್ಪಿನಕಾಯಿ ಭರಣಿ, ಎಲ್ಲಕ್ಕೂ ಗರಿಕೆ ಹಾಕಿ ಒಳಗೆ ಸೇರಿದರು. ಮಾಳಿಗೆಯಲ್ಲಿ ನಾನು ಕ್ಯಾಮೆರಾ ಚಾಲೂ ಮಾಡಿದರೆ ಪರದೆ ತುಂಬ ಬರೀ ಬಿಳಿ ಮಬ್ಬು. ಬಗ್ಗಿ ನೋಡಿದೆ. ಟೇಪಿನ ಕೆಳಗೆ ಗರಿಕೆಯ ಒಂದು ದಪ್ಪ ಎಸಳು! ಗಾಜು ಒಂದು ಕಡೆ ಎದ್ದು, ಸಂದಿಯಿಂದ ಬೆಳಕು ನುಗ್ಗುತ್ತಿತ್ತು.

ಮೆಟ್ಟಿಲ ಬಾಯಲ್ಲಿ ನಿಂತು ಕೂಗಿದೆ. “ಅತ್ತೀ, ಕ್ಯಾಮೆರಾಕ್ಕ ಕರಿಕಿ ಯಾಕ ಹಾಕೀರಿ?”

“ಹಾಲಿಗಿ ಹಾಕೀನಿ, ಅದಕ್ಕ ಬ್ಯಾಡೇನು? ನಿನ್ನ ಮಿಷನ್ನಿಗಿ ಗ್ರಹಣ ತಟ್ಟಬಾರದಂತ ಹಾಕೀನಿ!” ಎಂದು ಒಳಗಿಂದಲೇ ಉತ್ತರ ಬಂತು.

ಸಿಟ್ಟು ನೆತ್ತಿಗೇರಿತು, ನಗುವೂ ಬಂತು. ಟೇಪ್ ಕಿತ್ತೆ. ಧೂಳು ಹತ್ತಿದ್ದರಿಂದ ಅದು ಮತ್ತೆ ಅಂಟಲೊಲ್ಲದು. ಸೂರ್ಯ ಕಬ್ಬಿನ ತುದಿಗಿಂತ ಒಂದು ಮೊಳ ಮಾತ್ರ ಮೇಲಿದ್ದ.

“ಗಾಜು ಹಿಡಿಯಾಕ ಒಬ್ಬರು ಬೇಕ್ರಿ. ಫೋಟೊ ಬೇಕಂದ್ರ ಮ್ಯಾಲ ಬರ್ರಿ!”

ಆಮೇಲೆ ಒಳಕೋಣೆಯ ಚಿಲಕ ಸರಿಯಿತು. ತಲೆಯ ಮೇಲೆ ಸೆರಗು ಎಳೆದುಕೊಂಡು, ಸೊಂಟಕ್ಕೆ ಒಂದು ಹಿಡಿ ಗರಿಕೆ ಸಿಕ್ಕಿಸಿಕೊಂಡು, ನೆಲ ನೋಡುತ್ತಲೇ ಅತ್ತೆ ಮೆಟ್ಟಿಲು ಹತ್ತಿ ಬಂದರು. ಗಾಜು ಅವರ ಕೈಗಿಟ್ಟು ಲೆನ್ಸಿನ ಮುಂದೆ ಹಿಡಿಯಲು ಹೇಳಿದೆ. ಹಿಡಿದರು. ನಾನು ಫೋಕಸ್ ಮಾಡುವಷ್ಟರಲ್ಲಿ ಆ ಕೈ ಮೆಲ್ಲಗೆ ಮೇಲೇರಿ ಅವರ ಕಣ್ಣ ಮುಂದೆ ಹೋಗಿ ನಿಂತಿತು. ನೇರ ಬಿಸಿಲಿಗೆ ಕ್ಯಾಮೆರಾ ಸುಟ್ಟೀತೆಂಬ ಗಾಬರಿಯಿಂದ ಅಂಗೈಯಲ್ಲೇ ಲೆನ್ಸ್ ಮುಚ್ಚಿದೆ.

“ಅತ್ತೀ, ಗಾಜು ಕೊಡ್ರಿ!” ಎಂದು ಬೇಡಿಕೊಂಡೆ. ಕೊಡಲಿಲ್ಲ. ಸೂರ್ಯ ಕಬ್ಬಿನೊಳಗೆ ಪೂರ್ತಿ ಇಳಿದ ಮೇಲೆಯೇ ಕೈ ಇಳಿಸಿದರು. ಒಂದು ಫೋಟೊವೂ ಬಂದಿರಲಿಲ್ಲ.

“ಇಷ್ಟ ಏನ ಬೇ?” ಎಂದರು. “ಇಷ್ಟಕ್ಕ ನನ್ನ ಅಷ್ಟು ವರ್ಷ ಕತ್ತಲದಾಗ ಕುಂದ್ರಿಸಿದ್ರೇನು?”